ಶಾಫ್ಟಿನ ಮೇಲಿನ ಗೀಟು

"ಒರೆಸಬೇಡಿ, ಮಾವ."

ಅಷ್ಟರಲ್ಲಿ ಲೇತಿನ ಮೇಸ್ತ್ರಿಯ ಹೆಬ್ಬೆರಳು ಆ ಕಪ್ಪು ಗೀಟನ್ನು ಅಳಿಸಿಯಾಗಿತ್ತು. ಸೊಸೆ ಸೀಸೆ ಎತ್ತಿ, ಅಯಸ್ಕಾಂತದ ಗುಣ ಹಿಡಿಸಿದ ಶಾಫ್ಟಿನ ಮೇಲೆ ಮತ್ತೆ ಸುರಿದಳು. ಸೀಮೆಎಣ್ಣೆಯಲ್ಲಿ ಕಲಸಿದ ಕಬ್ಬಿಣದ ಪುಡಿ ಮಸಿಯಂತೆ ಹರಿಯಿತು. ಎಣ್ಣೆ ಕೆಳಗಿನ ತಟ್ಟೆಗೆ ಇಳಿಯಿತು. ಪುಡಿ ಮಾತ್ರ ಅದೇ ಜಾಗದಲ್ಲಿ ಸಾಲುಗಟ್ಟಿ ನಿಂತಿತು.

ಆಸ್ಪತ್ರೆಯ ಲಿಫ್ಟಿಗೆ ಹೋಗಬೇಕಾದ ಉಕ್ಕಿನ ದಂಡ ಅದು. ಹನ್ನೊಂದು ದಿನ ನಿಂತು ಅವನೇ ಕಡೆದದ್ದು. ಪುಡಿ ಗೀಟಾಗಿ ನಿಂತಲ್ಲಿ ಬಿರುಕು; ಬಿರುಕಿದ್ದರೆ ನೇರ ಗುಜರಿಗೆ. ಮೂವತ್ತು ವರ್ಷದಲ್ಲಿ ಅವನ ಒಂದು ಕೆಲಸವೂ ವಾಪಸು ಬಂದಿರಲಿಲ್ಲ; ಈಗ ವಾಪಸು ಕಳಿಸುವವಳು ಮನೆಯ ಸೊಸೆ. ಪರೀಕ್ಷೆ ವಿಭಾಗಕ್ಕೆ ಬಂದು ಆರು ತಿಂಗಳಾಗಿಲ್ಲ, ನಿನ್ನ ಪುಡಿಗೇ ಕಣ್ಣು ಮಂಜು ಎಂದು ರೇಗಿದ. ಅವಳು ಭೂತಗನ್ನಡಿ ಕೊಟ್ಟು, ನೀವೇ ನೋಡಿ ಎಂದಳು.

ನೋಡಿದ. ಒಂದು ಕಾಳು ತೇಲಿಬಂದು ನಿಂತಿತು. ಇನ್ನೊಂದು ಅದರ ಬೆನ್ನಿಗೆ ಅಂಟಿತು. ಮೂರು, ನಾಲ್ಕು, ಆಮೇಲೆ ಸರಪಳಿ. ಪಕ್ಕದ ಸರಪಳಿಯೊಂದು ತಡವರಿಸಿ ಬಂದು ಸೇರಿ ಎರಡೂ ಗುಂಪಾದವು. ಅವನು ಗಾಜಿನಿಂದ ಕಣ್ಣು ತೆಗೆಯದೆ ಕೇಳಿದ.

"ಕೈ ಹಿಡ್ಕೊಳ್ಳೋಕೆ ಇವಕ್ಕೆ ಯಾರಮ್ಮ ಹೇಳಿಕೊಟ್ರು?"

ಇಲ್ಲಿಗೆ ಬಂದ ಪ್ರತಿ ಕಾಳೂ ತಾನೇ ಪುಟ್ಟ ಅಯಸ್ಕಾಂತವಾಗುತ್ತದೆ, ಒಂದರ ತಲೆ ಇನ್ನೊಂದರ ಬಾಲ ಹಿಡಿಯುತ್ತದೆ ಎಂದಳು. ಬಿರುಕಿದ್ದಲ್ಲಿ ಸೆಳೆತ ಹೊರಗೆ ಚೆಲ್ಲುವುದರಿಂದ ಅಲ್ಲೇ ನೂಕುನುಗ್ಗಲು. ಅಯಸ್ಕಾಂತ ಹಿಡಿಸಿದ ಮೇಲೆ ಯಾರಾದರೂ ಶಾಫ್ಟಿನ ಮೇಲೆ ಉಕ್ಕಿನ ವಸ್ತು ಎಳೆದಿದ್ದರೆ, ಬಿರುಕಿಲ್ಲದೆಯೂ ಇಂಥದ್ದೇ ಸುಳ್ಳು ಗೀಟು ಬೀಳುತ್ತದಂತೆ.

ಅವನು ಭೂತಗನ್ನಡಿ ಕೆಳಗಿಟ್ಟ. ಅವಳು ಚಹಾಕ್ಕೆ ಹೋಗಿದ್ದಾಗ ಉಕ್ಕಿನ ಸ್ಕೇಲು ಹಿಡಿದು ಅಳತೆ ನೋಡಿದ್ದು ತಾನೇ ಎಂದು ಗೋಡೆಗೆ ಹೇಳುವಂತೆ ಹೇಳಿದ.

"ಮನೇಲಿ ಪಾತ್ರೆ ಮುಚ್ಚಳ ತೆಗೆದು ನೋಡೋ ಹಾಗೆ ಇಲ್ಲೂನಾ, ಮಾವ?"

ಸುಳ್ಳು ಗೀಟು ಅಳಿಯಲೆಂದು, ಕರೆಂಟು ಹರಿಯುವ ತಂತಿಸುರುಳಿಯೊಳಗೆ ತೂರಿಸಿ ಶಾಫ್ಟಿಗೆ ಹಿಡಿದಿದ್ದ ಅಯಸ್ಕಾಂತದ ಗುಣ ಇಳಿಸಿದರು. ಮತ್ತೆ ಹಿಡಿಸಿ ಅದೇ ಜಾಗಕ್ಕೆ ಸುರಿದರು. ಗೀಟಿಲ್ಲ. ಉಳಿದ ಭಾಗವನ್ನು ಅವಳು ಬೆಳಿಗ್ಗೆಯೇ ನೋಡಿ ಮುಗಿಸಿದ್ದಳು. ಪಾಸು ಮಾಡುವ ಸೀಲು ಎತ್ತಿಕೊಂಡಳು.

"ತಡಿ. ಆ ಕಡೆಗೂ ಒಂಚೂರು ಸುರಿ. ಅವು ಕೈ ಹಿಡಿಯೋದನ್ನ ಇನ್ನೊಂದ್ಸಲ ನೋಡ್ತೀನಿ."

"ಪಾಸಾಯ್ತಲ್ಲ, ಮಾವ."

"ಸುರಿ ಅಂದೆ."

ಸುರಿದಳು. ಶಾಫ್ಟು ದಪ್ಪದಿಂದ ಸಣ್ಣಗಾಗುವ ಮೂಲೆಯಲ್ಲಿ ಕಾಳುಗಳು ಒಂದೊಂದಾಗಿ ಬಂದವು. ರೆಪ್ಪೆಗೂದಲಿನಷ್ಟು ಸಣ್ಣ ಗೀಟು. ಒರೆಸಿದ. ಸುರಿಸಿದ. ಮತ್ತೆ ಅಲ್ಲಿಗೇ ಬಂದವು. ಅಲ್ಲಿ ಅವನು ಸ್ಕೇಲು ಇಟ್ಟಿರಲಿಲ್ಲ; ಇದು ನಿಜವಾದ ಬಿರುಕೇ.

ಸೊಸೆಯ ಕೈಯಲ್ಲಿ ಸೀಲು ಹಾಗೇ ಇತ್ತು. ಬೆಳಿಗ್ಗೆ ಇದು ನನ್ನ ಕಣ್ಣಿಗೇ ಬೀಳಲಿಲ್ಲ ಎಂದಳು. ಅವನು ಬೈಯಲಿಲ್ಲ. ಕಿವಿಯ ಮೇಲಿದ್ದ ಸೀಮೆಸುಣ್ಣ ತೆಗೆದು ಗೀಟಿನ ಸುತ್ತ ವೃತ್ತ ಎಳೆದ. ಆಮೇಲೆ ಭೂತಗನ್ನಡಿ ಹಿಡಿದು ಪುನಃ ಬಗ್ಗಿದ. ತಡವಾಗಿ ಬಂದ ಒಂದು ಕಾಳು, ಎಣ್ಣೆಯ ತೆಳು ಪದರದಲ್ಲಿ, ಸಾಲಿನ ಬಾಲ ಹುಡುಕುತ್ತಿತ್ತು.