ಬೋರಲು ಹಾಕಿದ ನೀಲ

ಎಡಗಾಲಿನ ಚಪ್ಪಲಿಯ ಹಿಮ್ಮಡಿ ಸವೆದಿದೆ, ಬಲಗಾಲಿನದು ಅಷ್ಟಿಲ್ಲ — ಬಾಗಿಲು ತಳ್ಳಿಕೊಂಡು ಬಂದ ಹುಡುಗಿ ಇನ್ನೆರಡು ಹೆಜ್ಜೆ ಹಾಕುವಷ್ಟರಲ್ಲಿ ಅವನ ತೀರ್ಮಾನ ಮುಗಿದೇ ಹೋಗಿತ್ತು, ಗಾಜು, ಇವಳು ತಂದಿರುವುದು ಗಾಜೇ, ಕೈಚೀಲದ ಕೊಂಡಿಗೆ ಬಳಿದ ಚಿನ್ನದ ಬಣ್ಣವೇ ಎದ್ದುಹೋಗಿದೆ, ಇನ್ನು ಒಳಗೆ ಏನು ಮಹಾ ಇದ್ದೀತು, ಕಲ್ಲು ಪರೀಕ್ಷೆ ಮಾಡುವವನು ಮೊದಲು ಚಪ್ಪಲಿ ನೋಡಬೇಕು, ಇಷ್ಟು ವರ್ಷದಲ್ಲಿ ಒಂದು ಸಲವೂ ಲೆಕ್ಕ ತಪ್ಪಿಲ್ಲ, ಪೇಟೆಯವರು ಬೆನ್ನ ಹಿಂದೆ ಗಾಜಣ್ಣ ಅನ್ನುತ್ತಾರಂತೆ, ಅನ್ನಲಿ, ಹಲ್ಲುಗಿಂಜುತ್ತಾ ಬರುವವರೂ ಅವರೇ, ಬೆಳಿಗ್ಗೆ ಬಂದಿದ್ದಳಲ್ಲ ಆ ವಕೀಲನ ಹೆಂಡತಿ, ನಮ್ಮ ಮುತ್ತಜ್ಜಿಯ ಪಚ್ಚೆ, ಅರಮನೆಯಿಂದ ಬಂದದ್ದು, ಎಲ್ಲರ ಮುತ್ತಜ್ಜಿಯರೂ ಅರಮನೆಯಲ್ಲೇ ಇದ್ದರು, ಹಾಗಾದರೆ ಆ ಕಾಲದಲ್ಲಿ ಪಾತ್ರೆ ತೊಳೆದವರು ಯಾರೋ — ಅವನು ಕಲ್ಲನ್ನು ಬಿಳಿ ಕಾಗದದ ಮೇಲೆ ಬೋರಲು ಹಾಕಿದ, ಹಸಿರು ಕಲ್ಲಿನ ಅಂಚಿಗೆ ಸಣ್ಣದೊಂದು ಕೆಂಪು ಬಳೆ ಮೂಡಿತು, ನೋಡಿ ಅಮ್ಮಾ, ಮೇಲೆ ಕೆಂಪು ಕಲ್ಲಿನ ತೆಳು ಹೊದಿಕೆ, ಅಡಿಗೆ ಹಸಿರು ಗಾಜು, ನೆಟ್ಟಗಿದ್ದಾಗ ಸುಳ್ಳು ಹೇಳುತ್ತೆ, ಬೋರಲು ಹಾಕಿದರೆ ತಾನೇ ಬಾಯಿಬಿಡುತ್ತೆ, ಆಕೆಯ ಮುಖ ಇಳಿದುಹೋಯಿತು, ಹಾಗೆ ಮುಖ ಇಳಿಯುವುದನ್ನು ನೋಡುವುದಕ್ಕೇ ಅವನು ದಿನಾ ಅಂಗಡಿ ತೆರೆಯುತ್ತಾನೆ ಅಂದರೂ ಸುಳ್ಳಲ್ಲ, ಪಕ್ಕದ ಮೇಜಿನಲ್ಲಿ ಮುತ್ತು ಪೋಣಿಸುತ್ತಾ ಕೂತಿರುವ ತಂಗಿ ಮಾತ್ರ ತಲೆ ಎತ್ತಲಿಲ್ಲ, ಅವಳು ಎತ್ತುವುದೇ ಇಲ್ಲ, ಒಂದು ಮುತ್ತು, ಒಂದು ಗಂಟು, ಒಂದು ಮುತ್ತು, ಒಂದು ಗಂಟು, ಇಪ್ಪತ್ತಾರು ವರ್ಷ.

ಇದು ಅಸಲೀನಾ ಅಂತ ನೋಡಿ ಹೇಳಿ ಸರ್, ಮಾರೋಕಲ್ಲ — ಮಾರೋಕಲ್ಲವಂತೆ, ಎಲ್ಲರ ಪಲ್ಲವಿಯೂ ಇದೇ — ಅಪ್ಪ ಹೋಗಿ ಮೂರು ತಿಂಗಳಾಯ್ತು, ಅವರ ಡ್ರಾಯರಲ್ಲಿ ಸಿಕ್ತು, ಯಾರೋ ಒಬ್ರು ಗಾಜು ಅಂದಿದ್ರಂತೆ, ಆಮೇಲೆ ಅಪ್ಪ ಇದನ್ನ ಯಾರಿಗೂ ತೋರಿಸ್ಲಿಲ್ಲ, ಅಮ್ಮಂಗೂ ಹಾಕ್ಕೊಳ್ಳೋಕೆ ಕೊಡ್ಲಿಲ್ಲ, ಎನ್ನುತ್ತಾ ಹುಡುಗಿ ಪೊಟ್ಟಣ ಬಿಚ್ಚಿದಳು, ಉಂಗುರ ಬೇರೆ, ಗೂಡಿನಿಂದ ಕಳಚಿದ ನೀಲಿ ಕಲ್ಲು ಬೇರೆ, ಉಂಗುರದ ಎರಡೂ ಬದಿಗೆ ಒಂದೊಂದು ಎಲೆ, ಒಂದು ಎಲೆಯ ತುದಿ ಮುರಿದಿದೆ, ಮುರಿದಿದೆ ಏನು, ಮುರಿದವನು ಅವನೇ, ಮೇಜಿನ ಮೇಲೆ ಎಸೆದ ರಭಸಕ್ಕೆ, ಇಪ್ಪತ್ತಾರು ವರ್ಷದ ಹಿಂದೆ, ತಂಗಿಯ ನಿಶ್ಚಿತಾರ್ಥಕ್ಕೆ ಇನ್ನೆಂಟು ದಿನ ಇದ್ದಾಗ, ಅವಳನ್ನು ಮದುವೆಯಾಗಬೇಕಿದ್ದ ಆ ಟೈಪಿಸ್ಟ್, ಅಂಗಿಯ ಜೇಬಿಗೆ ಶಾಯಿ ಕಲೆ, ಮೊಣಕೈ ಹತ್ತಿರ ತೇಪೆ, ನಮ್ಮಜ್ಜೀದು ಇದು, ನಿಮ್ಮ ತಂಗಿಗೆ ಅಂತ ತಂದೆ, ಓಹೋ, ಈ ಮುಖಕ್ಕೂ ಒಬ್ಬಳು ಅಜ್ಜಿ, ಹಿಂಬದಿ ಮುಚ್ಚಿದ ಹಳೇ ಕೆಲಸ, ಬೋರಲು ಹಾಕಿದರೂ ಏನೂ ಕಾಣದು, ಬೇಕಾದ್ರೆ ಕಲ್ಲು ಬಿಚ್ಚಿ ನೋಡಿ ಅಂತಲೂ ಅಂದಿದ್ದ ಬಡಪಾಯಿ, ಬಿಚ್ಚೋದೇನು ಬಂತು, ಅಂಚಲ್ಲಿ ಗೆರೆ ಕಾಣ್ತಿದೆ, ಅಂಟಿಸಿದ ಮಾಲು, ಗಾಜು ತಂದು ನಮ್ಮನೆ ಹುಡುಗೀನ ಕೇಳ್ತೀಯಲ್ಲ, ಮಾನ ಮರ್ಯಾದೆ ಇದೆಯಾ ನಿಂಗೆ, ಆ ಟೈಪಿಸ್ಟ್ ಬಗ್ಗಿ ಉಂಗುರ ಎತ್ತಿಕೊಂಡ, ಎಲೆಯ ತುದಿಗಾಗಿ ನೆಲವೆಲ್ಲ ಹುಡುಕಿದ, ಸಿಗಲಿಲ್ಲ, ಬಾಗಿಲಲ್ಲಿ ನಿಂತಿದ್ದ ತಂಗಿ ಅಂದದ್ದು ಒಂದೇ ಮಾತು, ಅಣ್ಣ ಹೇಳಿದ್ಮೇಲೆ ಹಾಗೇ ಇರುತ್ತೆ, ಆಮೇಲೆ ಬಂದ ಎರಡು ಸಂಬಂಧಕ್ಕೂ ಅವಳು ಬೇಡ ಅಂದಳು, ಅವನಿಗೋ ಹೆಮ್ಮೆ, ಮೋಸಗಾರನ ಕೈಯಿಂದ ತಂಗಿಯನ್ನು ಉಳಿಸಿದೆ ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ್ದ.

ಗಾಜೇ, ಮತ್ತಿನ್ನೇನು, ಈಗಲೇ ತೋರಿಸಿಬಿಡುತ್ತೇನೆ — ಭೂತಗನ್ನಡಿ ಕಣ್ಣಿಗೆ ಒತ್ತಿಕೊಂಡ, ಗುಳ್ಳೆ ಎಲ್ಲಿ, ಗಾಜಿನಲ್ಲಿ ಗುಳ್ಳೆ ಇರಲೇಬೇಕು, ಒಂದೂ ಇಲ್ಲ, ಒಳಗೆ ರೇಷ್ಮೆಯಂಥ ಸಣ್ಣ ಎಳೆಗಳು ಒಂದಕ್ಕೊಂದು ಅಡ್ಡ ಹಾದಿವೆ, ನೆಲದೊಳಗೆ ಹುಟ್ಟಿದ ನೀಲಕ್ಕೆ ಇರುವಂಥವು, ಅಂಟಿಸಿದ ಗೆರೆಯೂ ಇಲ್ಲ, ಗೂಡಿನೊಳಕ್ಕೆ ಇಣುಕಿದ, ಹೊಳಪಿಗೆಂದು ಕಲ್ಲಿನಡಿ ಹಾಕಿದ ತೆಳು ತಗಡು ಕಪ್ಪುಗಟ್ಟಿ ಕೂತಿದೆ, ಅದರ ಮಡಿಚಿದ ಅಂಚು, ಅವತ್ತು ಕಂಡ ಗೆರೆ ಅದು, ತಗಡಿನ ಅಂಚು, ಥೂ, ಕಣ್ಣಂತೆ ಕಣ್ಣು, ತೇಪೆ ಕಂಡಿತು, ಶಾಯಿ ಕಲೆ ಕಂಡಿತು, ಕಲ್ಲೊಂದನ್ನು ಬಿಟ್ಟು ಎಲ್ಲ ಕಂಡಿತು ಈ ದರಿದ್ರ ಕಣ್ಣಿಗೆ, ಇರಲಿ, ಕಾಗದ ಇದೆಯಲ್ಲ, ಕಾಗದ ಹೇಳಲಿ, ಅಂಟಿಸಿದ್ದಾದರೆ ಕೆಂಪು ಬಳೆ ಮೂಡಲೇಬೇಕು, ಬೋರಲು ಇಟ್ಟ, ಕಾಗದ ಬೆಳ್ಳಗಿದೆ, ಕೆಂಪಿಲ್ಲ, ದೀಪ ಹತ್ತಿರ ಎಳೆದ, ಇಲ್ಲ, ಏನಾಯ್ತು ಸರ್, ಗಾಜಾ, ಎಂದಳು ಹುಡುಗಿ, ಹೂಂ ಅಂದುಬಿಟ್ಟರೆ ಆಯಿತು, ಇವಳಿಗೇನು ತಿಳಿಯುತ್ತದೆ, ಎಲ್ಲ ಇದ್ದ ಹಾಗೇ ಇರುತ್ತದೆ, ಮಾತು ನಾಲಿಗೆಯ ತುದಿಗೆ ಬಂದಿತ್ತು, ಪಕ್ಕದಲ್ಲಿ ಮುತ್ತೊಂದು ಬಿದ್ದು ಉರುಳಿದ ಸದ್ದು, ತಂಗಿ ಎಂದೂ ಮುತ್ತು ಬೀಳಿಸಿದವಳೇ ಅಲ್ಲ, ಎದ್ದು ಬಂದಿದ್ದಾಳೆ, ಎಲೆಯ ಮುರಿದ ತುದಿಯನ್ನು ಹೆಬ್ಬೆರಳಿನಿಂದ ಸವರಿದಳು, ಹುಡುಗಿಯ ಮುಖವನ್ನು ತುಂಬಾ ಹೊತ್ತು ನೋಡಿದಳು, ಕಾಗದದ ಮೇಲೆ ಬಾಗಿದಳು, ಅವಳಿಗೇನು ಬಿಡಿಸಿ ಹೇಳಬೇಕೆ, ದಿನಕ್ಕೆ ಹತ್ತು ಸಲ ಈ ಆಟ ಕಂಡವಳು, ಇನ್ನೊಂದ್ಸಲ ಇಡು ಅಣ್ಣ, ಅಂದಳು, ದನಿ ಏರಲಿಲ್ಲ, ಅವನು ಕಲ್ಲೆತ್ತಿ ಮತ್ತೆ ಬೋರಲು ಇಟ್ಟ, ಕೆಂಪಾಗು, ಒಂದೇ ಒಂದು ಎಳೆ, ಕೆಂಪಾಗು ಮಾರಾಯ, ಕಾಗದ ಬೆಳ್ಳಗಿದೆ, ಇನ್ನೊಂದ್ಸಲ ಅಣ್ಣ, ಇಟ್ಟ, ಬೆಳ್ಳಗೆ, ಕಾಗದ ಬರೀ ಬೆಳ್ಳಗೆ