ಹೊಳೆಮ್ಮ ಬರೆದದ್ದು ಯಾರಿಗೂ ಕಾಣಲಿಲ್ಲ

ಗಂಗಾಂಬಿಕಾಳ ಕೆಲಸ ಹೇಳುವುದಕ್ಕೆ ಸುಲಭ. ಊರೂರಿನವರು ಗುಂಪು ಕಟ್ಟಿಕೊಂಡು ಬರೆಯುವ ಒಂದು ಆ್ಯಪ್ ಇತ್ತು. ಬರೆದದ್ದನ್ನು ಮೊದಲು ಎಐ ಓದುತ್ತಿತ್ತು. ಬೆದರಿಕೆ, ಬೈಗುಳ ಅನ್ನಿಸಿದ್ದನ್ನು ಮರೆಮಾಡಿ ಮನುಷ್ಯರಿಗೆ ಕಳಿಸುತ್ತಿತ್ತು. ಹೊಸಪೇಟೆಯ ಸ್ಟೇಷನ್ ರಸ್ತೆಯಲ್ಲಿ ಬಟ್ಟೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಕೂತ ಹನ್ನೆರಡು ಮಂದಿ, ಎಐ ಹಿಡಿದದ್ದು ಸರಿಯೋ ತಪ್ಪೋ ಎಂದು ನೋಡಿ ಗುಂಡಿ ಒತ್ತಬೇಕು. ಒಬ್ಬೊಬ್ಬರಿಗೆ ದಿನಕ್ಕೆ ಎಂಟುನೂರು ಬರಹ.

ಅವಳು ಮೊದಲು ಕಮಲಾಪುರದ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದಳು. ಇಲ್ಲಿಗೆ ಬಂದ ಹೊಸದರಲ್ಲಿ ಪ್ರತಿಯೊಂದನ್ನೂ ಎರಡು ಸಲ ಓದುತ್ತಿದ್ದಳು. ಮೂರನೆಯ ವರ್ಷಕ್ಕೆ ಓದುವುದು ನಿಂತಿತ್ತು. ಬರಹದ ಕೆಳಗೆ ಎಐ ತನಗೆಷ್ಟು ಖಾತ್ರಿ ಎಂದು ನೂರಕ್ಕೆ ಒಂದು ಅಂಕಿ ಕೊಡುತ್ತಿತ್ತು. ತೊಂಬತ್ತರ ಮೇಲಿದ್ದರೆ ಬೆರಳು ತಾನಾಗಿ 'ಸರಿ' ಒತ್ತುತ್ತಿತ್ತು. ಮನೆಗೆ ಹೋದ ಮೇಲೆ ಯಾರು ಏನು ಹೇಳಿದರೂ ತಲೆಗೆ ಹೋಗುತ್ತಿರಲಿಲ್ಲ.

ಆಗಸ್ಟ್ ತಿಂಗಳ ಒಂದು ಗುರುವಾರ, ಮಧ್ಯಾಹ್ನ ಹನ್ನೆರಡರ ಸುಮಾರಿಗೆ, ಕಂಪ್ಲಿಯ ಗುಂಪಿನಿಂದ ಒಂದು ಬರಹ ಬಂತು. ಬರೆದವಳು ಹೊಳೆಮ್ಮ.

"ಡ್ಯಾಂ ಗೇಟ್ ಎತ್ಯಾರ. ಇವತ್ತು ಹೊಳಿಗೆ ಇಳಿದ್ರ ಹೆಣ ಆಗ್ತೀರಿ. ಪಂಪ್‌ಸೆಟ್ ಈಗ್ಲೇ ಮ್ಯಾಲ ತಗೀರಿ."

ಕೆಳಗೆ 'ಜೀವಬೆದರಿಕೆ, 96' ಎಂದಿತ್ತು. ಬೆರಳು 'ಸರಿ'ಯ ಮೇಲೆ ಹೋಗಿತ್ತು. ಪಂಪ್‌ಸೆಟ್ ಎಂಬ ಮಾತು ಕಣ್ಣಿಗೆ ಬಿದ್ದು ಬೆರಳು ನಿಂತಿತು. ಬೆದರಿಕೆ ಹಾಕುವವರು ಪಂಪ್‌ಸೆಟ್ ತೆಗೆಯಿರಿ ಅನ್ನುತ್ತಾರೆಯೇ? ಬರೆದ ಹೊತ್ತು ನೋಡಿದಳು. ಬೆಳಿಗ್ಗೆ ಆರು ನಲವತ್ತು.

'ತಪ್ಪು' ಒತ್ತಿದಳು. ಆದರೂ ಬರಹ ಗುಂಪಿಗೆ ಹೋಗಲಿಲ್ಲ. ಮೂರನೆಯ ಸಲ ಸಿಕ್ಕಿಬಿದ್ದ ಕಾರಣಕ್ಕೆ ಹೊಳೆಮ್ಮನ ಖಾತೆಗೇ ತಡೆ ಬಿದ್ದಿತ್ತು. ಅವಳು ಬರೆದದ್ದು ಅವಳ ಫೋನಿನಲ್ಲಿ ಮಾತ್ರ ಕಾಣುತ್ತದೆ, ಬೇರೆ ಯಾರಿಗೂ ಕಾಣುವುದಿಲ್ಲ. ಗಂಗಾಂಬಿಕಾ ಹಿಂದಿನ ಎರಡು ತಪ್ಪುಗಳನ್ನು ತೆರೆದು ನೋಡಿದಳು. ಒಂದು, "ಮೀನ ಕೊಯ್ದು ಇಟ್ಟೀನಿ, ಜಲ್ದಿ ಬರ್ರಿ." ಇನ್ನೊಂದು ತಮ್ಮನ ತಮಾಷೆಗೆ ಕೊಟ್ಟ ಉತ್ತರ: "ಸಾಯಲೇ ಹುಚ್ಚಾ, ನಗಿಸಿ ನಗಿಸಿ ಕೊಲ್ತಿ ನನ್ನ." ಎರಡಕ್ಕೂ ಯಾರೋ 'ಸರಿ' ಒತ್ತಿದ್ದರು. ಎರಡನೆಯದರ ಪಕ್ಕದಲ್ಲಿದ್ದ, ಒತ್ತಿದವರ ನಂಬರು ಗಂಗಾಂಬಿಕಾಳದೇ.

ಎದ್ದು ಮೇಲ್ವಿಚಾರಕ ಗೋಪೀನಾಥನ ಮೇಜಿಗೆ ಹೋದಳು.

"ಸರ್, ಈ ಖಾತೆ ಈಗ್ಲೇ ಬಿಡಬೇಕ್ರಿ. ನೀರು ಬಂದದ, ಮಂದಿಗೆ ಗೊತ್ತಾಗಬೇಕು."

ಅವನು ಓದಿ ಹಣೆ ಒತ್ತಿಕೊಂಡ. "ನನ್ನ ಕೈಯಾಗಿಲ್ಲ ಗಂಗಾಂಬಿಕಾ ಅವ್ರೇ. ಅರ್ಜಿ ಹಾಕ್ರಿ. ಹತ್ತು ದಿನಕ್ಕ ಉತ್ತರ ಬರ್ತದ."

"ಹತ್ತು ದಿನಕ್ಕ ನೀರು ಇಳದಿರ್ತದ್ರಿ."

"ನನಗೂ ಗೊತ್ತು," ಅಂದ. ಅವನ ಕಣ್ಣುಗಳೂ ಕೆಂಪಗಿದ್ದವು.

ಅರ್ಜಿ ಹಾಕಿದಳು. ಸಂಜೆ ತನ್ನ ಫೋನಿನಲ್ಲಿ ಕಂಪ್ಲಿಯ ಗುಂಪನ್ನು ತೆರೆದಳು. ಬಾಳೆ ತೋಟದ ಅಂಜಿನಿ ಎಂಬಾತ ಬೆಳಿಗ್ಗೆ ಹತ್ತು ಗಂಟೆಗೆ, ಹೊಳೆ ಏರುವುದನ್ನು ಕಂಡು, ಪಂಪ್‌ಸೆಟ್ ಬಿಚ್ಚಲು ಇಳಿದು ನೀರಿಗೆ ಸಿಕ್ಕಿದ್ದ. ಜಾಲಿ ಗಿಡ ಹಿಡಿದು ಬದುಕಿದ್ದ, ಕೈ ಮುರಿದಿತ್ತು. ಊರಲ್ಲಿ ಮೈಕಿನಲ್ಲಿ ಕೂಗಿದ್ದರು, ತೋಟಗಳವರೆಗೆ ಅದು ಕೇಳಿಸಿರಲಿಲ್ಲ. ತೋಟದವರು ನಂಬಿದ್ದದ್ದು ಹೊಳೆಮ್ಮನನ್ನು. "ಪ್ರತಿ ವರ್ಷ ಹೇಳಾಕಿ, ಈ ಸಲ ಯಾಕ ಸುಮ್ನ ಕುಂತ್ಲು?" ಎಂದು ಒಬ್ಬರು ಬರೆದಿದ್ದರು. "ಬರದೀನಿ ಅಂತಾಳ. ಎಲ್ಲಿ ಬರದಾಳ? ಬರೇ ಸುಳ್ಳು," ಎಂದು ಇನ್ನೊಬ್ಬರು. ಇವುಗಳಲ್ಲಿ ಎಐ ಯಾವ ತಪ್ಪನ್ನೂ ಕಂಡಿರಲಿಲ್ಲ.

ಭಾನುವಾರ ಗಂಗಾಂಬಿಕಾ ಕಂಪ್ಲಿ ಬಸ್ಸು ಹತ್ತಿದಳು. ಕಚೇರಿಯ ವಿಷಯ ಹೊರಗೆ ಹೇಳುವುದಿಲ್ಲ ಎಂದು ಸಹಿ ಹಾಕಿಕೊಟ್ಟಿದ್ದಳು. ದಾರಿಯಲ್ಲಿ ಅದು ನೆನಪಾಯಿತು. ಆದರೂ ಇಳಿದು ವಾಪಸ್ ಹೋಗಲಿಲ್ಲ.

ಹೊಳೆಮ್ಮ ಐವತ್ತು ದಾಟಿದ ಗಟ್ಟಿ ಹೆಂಗಸು. ತೆಪ್ಪ ಹಾಕಿ ಮೀನು ಹಿಡಿಯುವವಳು. ಬಲೆ ಹೊಲಿಯುತ್ತ ಕೂತವಳು ಎಲ್ಲವನ್ನೂ ಕೇಳಿಸಿಕೊಂಡಳು.

"ಹಂಗಂದ್ರ ನಾ ಬರದಿದ್ದು ಹೋಗೇ ಇಲ್ಲ?"

"ಹೋಗಿಲ್ಲ ಅಕ್ಕಾ. ನಿಮ್ಮ ಫೋನಿನ್ಯಾಗ ಮಾತ್ರ ಕಾಣ್ತದ."

"ಮೂರು ದಿನ ಆತು, ಎಲ್ರಿಗೂ ಫೋನ್ ತೋರ್ಸಿ ತೋರ್ಸಿ ಸಾಕಾತು. ಆಮ್ಯಾಲ ಬರ್ಕೊಂಡಿ ಅಂತಾರ."

ಗಂಗಾಂಬಿಕಾ ಇನ್ನೊಂದನ್ನೂ ಹೇಳಿದಳು. "ಅಕ್ಕಾ, ನಿಮ್ಮ ತಮ್ಮಗ ಬರದಿದ್ರಲ್ಲ, ನಗಿಸಿ ಕೊಲ್ತಿ ಅಂತ. ಅದು ಬೆದರಿಕೆ ಅನ್ನೋದು ಸರಿ ಅಂತ ಒತ್ತಿದಾಕಿ ನಾನ. ಓದದ ಒತ್ತಿಬಿಟ್ಟೆ."

ಹೊಳೆಮ್ಮ ಬಲೆಯನ್ನು ಕೆಳಗಿಟ್ಟಳು. "ಕನ್ನಡ ಬರ್ತದಲ್ಲ ನಿಮಗ?"

"ಬರ್ತದ."

"ಮಿಷನ್ನಿಗೆ ತಿಳಿಲಿಲ್ಲ ಅಂದ್ರ ಬಿಡು ಅನಬೋದು, ಯವ್ವಾ," ಅಂದಳು ಹೊಳೆಮ್ಮ. ಎದ್ದು ಸೆರಗು ಸರಿ ಮಾಡಿಕೊಂಡಳು. "ನಡೀರಿ. ಇದನ್ನ ಅಂಜಿನಿ ಮುಂದ ಹೇಳ್ರಿ."

ಅಂಜಿನಿಯ ಮನೆಯ ಕಟ್ಟೆಯ ಮೇಲೆ ಏಳೆಂಟು ಜನ ಸೇರಿದ್ದರು. ಗಂಗಾಂಬಿಕಾ ನಿಂತೇ ಹೇಳಿದಳು. ಎಷ್ಟು ಗಂಟೆಗೆ ಬರೆದದ್ದು, ಯಾಕೆ ಕಾಣಲಿಲ್ಲ, ತಾನು ಯಾರು. ಒಬ್ಬ ಮುದುಕ, "ಅಂದ್ರ ಅಕಿ ಸುಳ್ಳು ಹೇಳಿಲ್ಲ?" ಎಂದು ಎರಡು ಸಲ ಕೇಳಿದ. ಎರಡು ಸಲವೂ ಇಲ್ಲ ಅಂದಳು.

ಅಂಜಿನಿ ಪಟ್ಟಿ ಕಟ್ಟಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ನೆಲ ನೋಡುತ್ತಿದ್ದ. "ತಪ್ಪು ತಿಳ್ಕೊಂಡೆ ಅಕ್ಕಾ. ಭಾಳ ಮಾತಾಡಿಬಿಟ್ಟೆ," ಅಂದ.

ಹೊಳೆಮ್ಮ ಕಣ್ಣೊರೆಸಿಕೊಂಡಳು. "ಇರ್ಲಿ ಬಿಡಪಾ, ಜೀವ ಉಳೀತಲ್ಲ."

ಗಂಗಾಂಬಿಕಾಳಿಗೆ ಯಾರೂ ಬೈಯಲಿಲ್ಲ, ಕುಂದ್ರಿ ಎಂದೂ ಹೇಳಲಿಲ್ಲ. ಅದು ಸರಿಯೇ ಅನ್ನಿಸಿತು ಅವಳಿಗೆ.

ಹನ್ನೊಂದನೆಯ ದಿನ ಖಾತೆಯ ತಡೆ ತೆರವಾಯಿತು. ಹೊಳೆಮ್ಮ ಮತ್ತೆ ಅಲ್ಲಿ ಬರೆಯಲಿಲ್ಲ. ತೋಟದ ನಲವತ್ತು ಮನೆಗಳ ಫೋನ್ ನಂಬರನ್ನು ಮೊಮ್ಮಗಳ ಕೈಯಲ್ಲಿ ಬರೆಸಿಕೊಂಡು, ಸೆಪ್ಟೆಂಬರಿನಲ್ಲಿ ಮತ್ತೆ ನೀರು ಬಿಟ್ಟಾಗ ಒಬ್ಬೊಬ್ಬರಿಗೂ ತಾನೇ ಫೋನ್ ಮಾಡಿದಳಂತೆ.

ಗಂಗಾಂಬಿಕಾ ಮತ್ತೆ ಓದತೊಡಗಿದಳು. ದಿನಕ್ಕೆ ಎಂಟುನೂರು ಇದ್ದದ್ದು ಮುನ್ನೂರಕ್ಕೆ ಇಳಿಯಿತು. ತಿಂಗಳ ಕೊನೆಗೆ ಗೋಪೀನಾಥ ಕರೆದು, ಹಿಂಗಾದ್ರ ಮ್ಯಾಲಿನವರು ಕೇಳಂಗಿಲ್ಲರಿ ಅಂದ. "ಗೊತ್ತದರಿ," ಎಂದು ತನ್ನ ಕುರ್ಚಿಗೆ ಬಂದು ಕೂತಳು. ಕಣ್ಣು ಉರಿಯುತ್ತಿತ್ತು. ಸಂಡೂರಿನ ಯಾರೋ ತನ್ನ ಗೆಳತಿಗೆ ಏನೋ ಬರೆದಿದ್ದಳು, ಕೆಳಗೆ 93 ಎಂದಿತ್ತು. ಗಂಗಾಂಬಿಕಾ ಅದನ್ನು ಮೊದಲಿನಿಂದ ಓದಿದಳು.