ಗಿರಣಿ ಮನೆಯ ಪುಟ

ಇಪ್ಪತ್ತು ವರ್ಷ ಇಂಡಿಯಿಂದ ಪತ್ರಿಕೆಗೆ ಸುದ್ದಿ ಕಳಿಸಿದವಳು ನಾನು. ನಿಂಬೆಹಣ್ಣಿನ ಧಾರಣೆಯಿಂದ ಶುರು ಮಾಡಿ ಹೆಂಗಸರ ಕಷ್ಟದವರೆಗೆ ಬರೆದೆ. ಎಷ್ಟು ಬರೆದರೂ ಡೆಸ್ಕಿನವರು ಕತ್ತರಿಸಿ ನಾಲ್ಕು ಸಾಲು ಉಳಿಸುತ್ತಿದ್ದರು. ಆ ಸಿಟ್ಟಿಗೇ ಪುಸ್ತಕ ಬರೆದೆ. ಅದರಲ್ಲಿ ಯಾರೂ ಏನೂ ಕತ್ತರಿಸಲಿಲ್ಲ.

ಬಿಡುಗಡೆಯ ಹಿಂದಿನ ದಿನ ಬೆಳಿಗ್ಗೆ, ಅಚ್ಚಾಗಿ ಬಂದ ಪ್ರತಿ ಓದುತ್ತ ಐವತ್ತಮೂರನೆಯ ಪುಟಕ್ಕೆ ಬಂದಾಗ ಓದುವುದು ನಿಲ್ಲಿಸಿದೆ. ದೇವಣಗಾಂವದ ಭಾಗ್ಯಾಳ ಹೆಸರು ಬದಲಿಸಿದ್ದೆ. ಊರಿನ ಹೆಸರು ತೆಗೆದುಹಾಕಿದ್ದೆ. ಆದರೆ ಅವಳ ಮನೆಯ ಹಿಟ್ಟಿನ ಗಿರಣಿ, ಮೂರು ಹೆಣ್ಣುಮಕ್ಕಳು, ಗಂಡು ಬೇಕೆನ್ನುವ ಅತ್ತೆ, ಬಸಿರಾಗದಂತೆ ನುಂಗುವ ಗುಳಿಗೆಯನ್ನು ಹೊದೆಯುವ ಕೌದಿಯ ಮೂಲೆಯಲ್ಲಿ ಹೊಲಿದಿಟ್ಟದ್ದು, ಎಲ್ಲ ಹಾಗೇ ಇತ್ತು. ಅವರ ಓಣಿಗೆ ಇರುವುದು ಅದೊಂದೇ ಗಿರಣಿ. ನಾಳೆ ಸಿಂದಗಿಯಲ್ಲಿ ಬಿಡುಗಡೆಯ ಕಾರ್ಯಕ್ರಮಕ್ಕೆ ಆ ಓಣಿಯವರೆಲ್ಲ ಬರುವವರಿದ್ದರು; ಅತಿಥಿ ಸಿದ್ದಲಿಂಗ ಮಾಸ್ತರರು ಆ ಓಣಿಯಲ್ಲೇ ಹುಟ್ಟಿದವರು.

ದೇವಣಗಾಂವಕ್ಕೆ ಸಿಕ್ಕ ಬಸ್ಸು ಹತ್ತಿದೆ.

ಅಂದು ಗಿರಣಿ ಓಡುವ ಸದ್ದಿನಲ್ಲಿ ಭಾಗ್ಯಾ ಇದನ್ನೆಲ್ಲ ನನ್ನ ಕಿವಿಗೆ ಬಾಯಿಟ್ಟು ಹೇಳಿದ್ದಳು. ಇವತ್ತು ಕರೆಂಟ್ ಇರಲಿಲ್ಲ. ಪಡಸಾಲೆಯಲ್ಲಿ ಅತ್ತೆ ಕಾಶಿಬಾಯಿ ಜೋಳ ಹಸನು ಮಾಡುವ ಸದ್ದೂ ಕೇಳುತ್ತಿತ್ತು.

"ಬರ್ರಿ ಪೇಪರಿನ ಬಾಯಾರ," ಎಂದು ಆಕೆ ನಕ್ಕಳು. "ನಮ್ಮ ಮನ್ಯಾಗ ಏನ್ ಸುದ್ದಿ ಐತ್ರಿ? ಮೊಮ್ಮಗ ಹುಟ್ಟಲಿ, ಆಗ ಫೋಟೋ ಹಾಕ್ರಿ."

"ಹಾಕ್ತೇನ್ರಿ," ಎಂದೆ.

ಒಳಗೆ ಹೋಗಿ ಆ ಪುಟದ ವಿಷಯ ಭಾಗ್ಯಾಳಿಗೆ ಪಿಸುಗುಟ್ಟಿದೆ. ಅವಳು ಕೈಯಲ್ಲಿದ್ದ ತಂಬಿಗೆ ಕೆಳಗಿಟ್ಟಳು.

"ಹೆಸರ ಬದಲ ಮಾಡ್ತೇನಿ ಅಂದಿದ್ರಲ್ರಿ ಅಕ್ಕಾರ?"

"ಹೆಸರಷ್ಟ ಬದಲ ಮಾಡೇನವಾ."

"ನನ್ನ ತವರಿಗೆ ಅಟ್ಟಿ, ಹುಡುಗ್ಯಾರನ್ನ ಇಲ್ಲೇ ಇಟಗೋತಾರ್ರಿ. ಹರದ ಒಗೀರಿ ಅದನ್ನ."

"ಏನದು ಗುಸುಗುಸು?" ಕಾಶಿಬಾಯಿ ಹೊರಗಿನಿಂದ ಕೂಗಿದಳು.

"ಚಾಕ್ಕ ಸಕ್ಕರಿ ಎಷ್ಟ ಹಾಕ್ಲಿ ಅಂತ ಕೇಳಾಕತ್ತೇನ್ರಿ ಅತ್ತಿ."

ಮನೆಗೆ ಬಂದವಳೇ ಬ್ಲೇಡು ಹಿಡಿದು ಕೂತೆ. ಬಿಡುಗಡೆಗೆಂದು ತಂದಿಟ್ಟಿದ್ದ ಮುನ್ನೂರು ಪ್ರತಿಗಳಿಂದ ಆ ಹಾಳೆ ಕೊಯ್ದೆ. ನಾನು ಬರೆದದ್ದರಲ್ಲೇ ಚೆನ್ನಾದದ್ದು ಅದು. ಉಳಿದದ್ದು ಮಾಸ್ತರರಿಗೆ ಮೊದಲೇ ಕೊಟ್ಟಿದ್ದ ಪ್ರತಿ. ಫೋನು ಹಚ್ಚಿದೆ.

"ಭಾಳ ಛಂದ ಬರದೀರಿ ತಂಗೀ! ನಾಳೆ ವೇದಿಕೆ ಮ್ಯಾಲೆ ಆ ಗಿರಣಿ ಪುಟಾನ ಓದಾಂವ ಅದೇನಿ."

"ಬ್ಯಾಡ್ರಿ ಸರ. ಆ ಹಾಳಿ ಹರದ ಬಿಡ್ರಿ."

"ಪುಸ್ತಕದ ಜೀವಾನ ಅದಲ್ಲೇನ್ರಿ?"

"ಹೌದ್ರಿ. ಹರೀರಿ. ಇಲ್ಲಾಂದ್ರ ನಾಳೆ ಬಿಡುಗಡೆನ ಇಲ್ಲ."

ಆ ಕಡೆಯಿಂದ ಹಾಳೆ ಹರಿದ ಸದ್ದು ಬರುವವರೆಗೆ ನಾನು ಫೋನು ಇಡಲಿಲ್ಲ.